ಮುಟ್ಟಿದವನದೇ ತಪ್ಪು: ಒಂದು ವಾಲ್ವ್ ಆಂಪ್, ಏಳು ಭಾನುವಾರ

ಮೂರನೇ ಹಾಡಿನ ಮಧ್ಯೆ ಸೌಂಡ್ ಹೋಯ್ತು.

ಪೂರ್ತಿ ಹೋಗಿದ್ದರೆ ಒಂಥರಾ ನೆಮ್ಮದಿ ಇರ್ತಿತ್ತು. ಮೊದಲು ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಚಟ ಅಂತು. ಆಮೇಲೆ ನನ್ನ ಗಿಟಾರನ್ನು ಯಾರೋ ಪಕ್ಕದ ಬೀದಿಯಲ್ಲಿ ನುಡಿಸುತ್ತಿದ್ದಾರೇನೋ ಅನ್ನುವಷ್ಟು ದೂರ ಹೋಗಿಬಿಡ್ತು. ಡ್ರಮ್ಸ್‌ನವನು ಕಣ್ಣಲ್ಲೇ 'ಏನಾಯ್ತೋ' ಅಂದ. ನಾನು ಆಂಪ್ಲಿಫೈಯರ್ ನೆತ್ತಿಗೆ ಒಂದು ಗುದ್ದಿದೆ. ಸರಿಹೋಯ್ತು! ಎರಡು ನಿಮಿಷ. ಮತ್ತೆ ಅದೇ ರಾಗ. ಯಲಹಂಕದ ಚಿಕ್ಕ ಕಾರ್ಯಕ್ರಮ, ಬಂದಿದ್ದವರು ಅರವತ್ತು ಎಪ್ಪತ್ತು ಜನ, ಅದರಲ್ಲಿ ಅರ್ಧ ನಮ್ಮ ಆಫೀಸಿನವರೇ. ಮರುದಿನ ಕ್ಯಾಂಟೀನಲ್ಲಿ ಒಬ್ಬಳು ಕೇಳಿದಳು: "ಆ ಗುದ್ದೋದು ನಿಮ್ಮ ಸ್ಟೈಲಾ?"

ಆ ಆಂಪ್ಲಿಫೈಯರ್ ವಾಲ್ವಿನದು. ಈಗಿನವರು ಟ್ಯೂಬ್ ಆಂಪ್ ಅಂತಾರೆ. ವಿದೇಶಕ್ಕೆ ಹೊರಟಿದ್ದ ಒಬ್ಬ ಗಿಟಾರಿಸ್ಟ್ ಹತ್ತಿರ 55 ಸಾವಿರಕ್ಕೆ ಕೊಂಡಿದ್ದೆ. ಬ್ರ್ಯಾಂಡ್ ಹೆಸರು ಬೇಡ, ಪಾಪ, ಅದರದ್ದೇನೂ ತಪ್ಪಿಲ್ಲ. 22 ಕೆಜಿ ತೂಕ, ಎರಡು ಚಾನೆಲ್, ಮುಂದೆ ಹದಿಮೂರು ಗುಂಡಿ, ಕಾಲಲ್ಲಿ ಒತ್ತುವ ಸ್ವಿಚ್ಚು, ಹಿಂದೆ ಸಾಲಾಗಿ ತೂತುಗಳು. ಅಮ್ಮ ಅದಕ್ಕೆ ಇಟ್ಟ ಹೆಸರು 'ಹೆಣಭಾರದ ಪೆಟ್ಟಿಗೆ'. ರಿಪೇರಿ ಶುರುವಾದ ಮೇಲೆ ಅಮ್ಮನ ಲೆಕ್ಕಾಚಾರವೂ ಶುರುವಾಯಿತು. "ಅದಕ್ಕೆ ಸುರಿದಿದ್ದರಲ್ಲಿ ಒಂದು ಒಳ್ಳೆ ಫ್ರಿಜ್ ಬರ್ತಿತ್ತು." ನಿಜ ಹೇಳಬೇಕೆಂದರೆ ಫ್ರಿಜ್ಜಿನ ಜೊತೆ ಮಿಕ್ಸಿಯೂ ಬರ್ತಿತ್ತು.

ಇದು ಆ ಪೆಟ್ಟಿಗೆ ರಿಪೇರಿಯಾದ ಕಥೆ. ಜೊತೆಗೆ, ಅದನ್ನು ರಿಪೇರಿ ಮಾಡಲು ಯಾರೂ ಯಾಕೆ ಒಪ್ಪುತ್ತಿರಲಿಲ್ಲ ಅನ್ನೋದು ನನಗೆ ತಡವಾಗಿ ಅರ್ಥವಾದ ಕಥೆ.

ಮೊದಲು ಹೋಗಿದ್ದು ಎಸ್.ಪಿ. ರೋಡಿಗೆ. ಬೆಂಗಳೂರಲ್ಲಿ ಎಲೆಕ್ಟ್ರಾನಿಕ್ಸ್ ಅಂದರೆ ಸದರ್ ಪತ್ರಪ್ಪ ರಸ್ತೆ ತಾನೆ? ಅಲ್ಲಿ ಬಿಡಿಭಾಗ ಸಿಗುತ್ತವೆ, ಮದರ್‌ಬೋರ್ಡ್ ರಿಪೇರಿ ಆಗುತ್ತದೆ. ನನ್ನ ಪೆಟ್ಟಿಗೆಯ ಹಿಂದಿನಿಂದ ಇಣುಕಿ ನೋಡಿದ ಅಂಗಡಿಯವರು, ಒಳಗೆ ಗಾಜಿನ ವಾಲ್ವ್ ಕಂಡಿದ್ದೇ ತಡ, "ಇದಾ? ಬೇಡ ಸಾರ್" ಅಂದರು. ಎರಡನೇ ಕಡೆ ತಗೊಂಡರು. ವಾಲ್ವೆಲ್ಲ ಬದಲಾಯಿಸಿ 9,500 ರೂಪಾಯಿ ಬಿಲ್ ಮಾಡಿದರು. ಮನೆಗೆ ತಂದು ಹಚ್ಚಿದರೆ ಅರ್ಧ ಗಂಟೆಗೆ ಮತ್ತೆ ಸಾಸಿವೆ ಸಿಡಿತ. ಮೇಲಾಗಿ ಹೊಸ ಪವರ್ ವಾಲ್ವಿನ ಒಳಗಿನ ತಗಡು ಕತ್ತಲಲ್ಲಿ ಕೆಂಪಗೆ ಕಾಣುತ್ತಿತ್ತು. ವಾಲ್ವ್ ಬದಲಾಯಿಸಿದ ಮೇಲೆ ಅದರಲ್ಲಿ ಹರಿಯುವ ಕರೆಂಟನ್ನು ಅಳೆದು ಕೂರಿಸಬೇಕು, ಅದಕ್ಕೆ ಬಯಾಸ್ ಅಂತಾರೆ. ಅದನ್ನು ಮಾಡಿರಲಿಲ್ಲ. ಮೂರನೆಯವರು ನಾಲ್ಕು ತಿಂಗಳು ಇಟ್ಟುಕೊಂಡರು. ಫೋನ್ ಮಾಡಿದಾಗಲೆಲ್ಲ "ಟೆಸ್ಟಿಂಗಲ್ಲಿದೆ ಸಾರ್". ಕೊನೆಗೆ ಹೋಗಿ ನೋಡಿದರೆ ಪೆಟ್ಟಿಗೆಯ ಮೇಲೆ ಎರಡು ಹೋಮ್ ಥಿಯೇಟರ್ ಕೂತಿದ್ದವು. ಸ್ಕ್ರೂ ಕೂಡ ಬಿಚ್ಚಿರಲಿಲ್ಲ.

ನಾನಿರೋದು ದೇವನಹಳ್ಳಿ ಪಕ್ಕ. ನಮ್ಮ ಅಪಾರ್ಟ್‌ಮೆಂಟಿನ ಎಲೆಕ್ಟ್ರಿಷಿಯನ್ ಒಂದು ದಿನ ಪೆಟ್ಟಿಗೆ ನೋಡಿ, "ದೊಡ್ಡಬಳ್ಳಾಪುರದಲ್ಲಿ ಒಬ್ಬ ಯಜಮಾನ್ರು ಅವ್ರೆ ಸಾರ್. ಹಳೇ ಮೈಕ್ ಸೆಟ್ಟು ಮಾಡ್ತಿದ್ರು. ಈಗ್ಲೂ ಅಂಗಡಿ ತೆಗೀತಾರೋ ಇಲ್ವೋ ಗೊತ್ತಿಲ್ಲ" ಅಂದ. ಅಷ್ಟೇ ಸಾಕಾಯಿತು. ಭಾನುವಾರ ಬೆಳಿಗ್ಗೆ ಆಕ್ಟಿವಾ ಮುಂದೆ, ಗ್ಯಾಸ್ ಸಿಲಿಂಡರ್ ಇಡುವ ಜಾಗದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಹೊರಟೆ.

ಮಗ್ಗದ ಸದ್ದಿನ ಬೀದಿ

ದೊಡ್ಡಬಳ್ಳಾಪುರದ ಒಳಬೀದಿಗಳಲ್ಲಿ ನಡೆದವರಿಗೆ ಗೊತ್ತು, ಅಲ್ಲಿ ಮನೆಮನೆಯಲ್ಲಿ ಪವರ್‌ಲೂಮ್. ಗೋಡೆಯಾಚೆಯಿಂದ ಟಕಟಕ ಟಕಟಕ. ಯಜಮಾನರ ಅಂಗಡಿ ಅಂಥದ್ದೇ ಒಂದು ಬೀದಿಯಲ್ಲಿ, ಅರ್ಧ ಎಳೆದ ಶಟರಿನ ಹಿಂದೆ. ಒಳಗೆ ಗೋಡೆಯುದ್ದಕ್ಕೂ ಟಿವಿಗಳ ಅಸ್ಥಿಪಂಜರ, ಮೂಲೆಯಲ್ಲಿ ತುಕ್ಕು ಹಿಡಿದ ಹಾರ್ನ್ ಸ್ಪೀಕರ್, ಮೇಜಿನ ಮೇಲೆ ಸೀರೀಸ್ ಬೋರ್ಡು. ವಯಸ್ಸು ಎಪ್ಪತ್ತರ ಹತ್ತಿರ. ಹದಿನೈದರಲ್ಲಿ ಮೈಕ್ ಸೆಟ್ ಅಂಗಡಿಗೆ ಸೇರಿದವರು. ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ, ಮದುವೆಗೆ, ಎಲೆಕ್ಷನ್‌ಗೆ ಎತ್ತಿನ ಗಾಡಿಯಲ್ಲಿ ವಾಲ್ವ್ ಆಂಪ್ಲಿಫೈಯರ್ ಹೊತ್ತುಕೊಂಡು ಹೋಗಿ ರಾತ್ರಿಯೆಲ್ಲ ಕಾವಲು ಕೂತವರು.

ನಾನು ರೋಗಲಕ್ಷಣ ಒಪ್ಪಿಸಿದೆ. ಅವರು ಪೆಟ್ಟಿಗೆಯನ್ನೇ ನೋಡುತ್ತಿದ್ದರು.

"ಎಷ್ಟು ಜನ ಬಿಚ್ಚವ್ರೆ ಇದ್ನ?"

"ಒಬ್ರು ವಾಲ್ವ್ ಮಾತ್ರ ಹಾಕಿದಾರೆ."

"ವಾಲ್ವ್ ಗೊತ್ತು ಕಣಪ್ಪಾ ನಂಗೆ. ವಾಲ್ವಿಂದ ಏನೂ ತಕರಾರಿಲ್ಲ. ಸುತ್ತ ಇರೋದೈತಲ್ಲ, ಅದು ನೋಡು." ಪ್ಲೇಟು ಬಿಚ್ಚಿ ಟಾರ್ಚ್ ಹಿಡಿದರು. ಹಸಿರು ಬೋರ್ಡು, ಸಣ್ಣ ಸಣ್ಣ ರಿಲೇಗಳು, ಐಸಿಗಳು, ರಿಬ್ಬನ್ ವೈರು. "ಇದು ಆಂಪ್ಲಿಫೈಯರಾ, ಕಂಪ್ಯೂಟ್ರಾ?"

ನಾನು ಆಗ ಒಂದು ಮಾತಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. "ಎಲ್ಲೋ ಒಂದು ಬೆಸುಗೆ ಬಿಟ್ಟಿರ್ಬೇಕು ಅಷ್ಟೇ ಯಜಮಾನ್ರೇ. ಜಾಸ್ತಿ ಏನಿರಲ್ಲ."

ಅವರು ನಕ್ಕರು. "ಇರ್ಬೌದು. ಎಲ್ಲಿ ಅಂತ ಹೇಳ್ಬಿಡು, ಹತ್ರುಪಾಯಿ ಇಸ್ಕೊಂಡು ಈಗ್ಲೇ ಹಾಕ್ಕೊಡ್ತೀನಿ."

ವಾಲ್ವ್ ಅಂದರೆ ಏನು ಅಂತ ಇಂಟರ್ನೆಟ್ಟಿನಲ್ಲಿ ಎಷ್ಟೋ ಓದಿದ್ದೆ. ಅವರು ಹೇಳಿದಷ್ಟು ಸಲೀಸಾಗಿ ಯಾವುದೂ ತಲೆಗೆ ಹೋಗಿರಲಿಲ್ಲ. ಕೆರೆ ಐತೆ, ತೂಬು ಐತೆ, ಕಾಲುವೆ ಐತೆ. ತೂಬಿನ ಹಲಗೆ ಎತ್ತೋದಿಕ್ಕೆ ಒಬ್ಬ ಹುಡುಗ ಸಾಕು, ಆದರೆ ಅದರಿಂದ ಹರಿಯೋ ನೀರು ಎಕರೆಗಟ್ಟಲೆ ಗದ್ದೆಗೆ. ಗಿಟಾರಿನ ತಂತಿಯಿಂದ ಬರುವ ಸಣ್ಣ ವೋಲ್ಟೇಜ್ ಆ ಹುಡುಗ. ಗಾಜಿನೊಳಗಿನ ಜಾಲರಿ ಆ ಹಲಗೆ. ಕಾದ ಕ್ಯಾಥೋಡಿನಿಂದ ಪ್ಲೇಟಿಗೆ ಹಾರುವ ಎಲೆಕ್ಟ್ರಾನುಗಳೇ ನೀರು. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಮೊದಲ ವಾಲ್ವ್ ಮಾಡಿದರು, 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದರೊಳಗೆ ಜಾಲರಿ ಇಟ್ಟರು. ಅಲ್ಲಿಂದ ಮುಂದೆ ರೇಡಿಯೊ, ಸಿನಿಮಾ, ಮೈಕ್ ಸೆಟ್ ಎಲ್ಲ ಅದರ ಮೇಲೇ ನಡೆದವು. 1947ರಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆ ಒಂದೊಂದೇ ಕೆಲಸದಿಂದ ವಾಲ್ವ್ ನಿವೃತ್ತಿಯಾಯಿತು. ಗಿಟಾರಿನವರು ಮಾತ್ರ ಬಿಡಲಿಲ್ಲ. ವಾಲ್ವಿಗೆ ತಾಳಲಾರದಷ್ಟು ಸಿಗ್ನಲ್ ಕೊಟ್ಟಾಗ ಅದು ಒರಟಾಗಿ ಕತ್ತರಿಸದೆ ಮೆತ್ತಗೆ ಒಡೆಯುತ್ತದೆ. ಆ ಒಡಕು ದನಿಯೇ ರಾಕ್ ಗಿಟಾರಿನ ದನಿ.

ಯಜಮಾನರ ಮೇಜಿನ ಕೆಳಗೆ ಒಂದು ಬಿಸ್ಕತ್ ಡಬ್ಬ. ಅದರ ತುಂಬ ಪುಟ್ಟ ರಟ್ಟಿನ ಪೆಟ್ಟಿಗೆಗಳು, ಮೇಲೆ ಬಿಇಎಲ್ ಅಂತ ಗುರುತು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್! ಅದು ಶುರುವಾಗಿದ್ದು 1954ರಲ್ಲಿ, ಅಲ್ಲಿ ರೇಡಿಯೊ ವಾಲ್ವ್ ತಯಾರಿಸಲು ಆರಂಭಿಸಿದ್ದು 1961ರಲ್ಲಿ. ರೇಡಾರ್ ಮಾಡುವ ಕಂಪನಿ, ಮತಯಂತ್ರ ಮಾಡುವ ಕಂಪನಿ ಅಂತಷ್ಟೇ ನಮ್ಮ ತಲೆಮಾರಿಗೆ ಗೊತ್ತು. ಒಂದು ಕಾಲದಲ್ಲಿ ದೇಶದ ಎಷ್ಟೋ ಮನೆಗಳ ರೇಡಿಯೊ ಮಾತಾಡಿದ್ದು ಈ ಜಾಲಹಳ್ಳಿಯ ಗಾಜಿನಿಂದ. ಇವತ್ತು ಅದೇ ವಾಲ್ವುಗಳನ್ನು ವಿದೇಶದ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಾರೆ. ಈಗ ಜಗತ್ತಿಗೆ ವಾಲ್ವ್ ಒದಗಿಸುವುದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾದ ಕೆಲವೇ ಕಾರ್ಖಾನೆಗಳು. 2022ರ ಮಾರ್ಚಿನಲ್ಲಿ ಯುಕ್ರೇನ್ ಯುದ್ಧದ ಬೆನ್ನಿಗೆ ರಷ್ಯಾದ ವಾಲ್ವ್ ರಫ್ತು ನಿಂತ ಸುದ್ದಿ ಬಂದಾಗ ಗಿಟಾರಿನವರ ಗುಂಪುಗಳಲ್ಲಿ ಈರುಳ್ಳಿ ರೇಟು ಏರಿದಾಗಿನಷ್ಟೇ ಗದ್ದಲ.

ಬಿಚ್ಚಿದರೆ ಕೆಡದ ರೋಗ

ಮೊದಲ ಭಾನುವಾರ ಯಜಮಾನರು ಪೆಟ್ಟಿಗೆಯನ್ನು ಸೀರೀಸ್ ಬೋರ್ಡಿಗೆ ಹಾಕಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಒಂದು ಹಳೇ ಕಾಲದ ಫಿಲಮೆಂಟ್ ಬಲ್ಬನ್ನು ಸಾಲಲ್ಲಿ ಸೇರಿಸಿ ಅದರ ಮೂಲಕ ಕರೆಂಟ್ ಕೊಡುವುದು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪ್ರಖರವಾಗಿ ಉರಿಯುತ್ತದೆ, ಯಂತ್ರ ಸುಡುವುದಿಲ್ಲ. ಎಲ್‌ಇಡಿ ಬಂದ ಮೇಲೆ ಆ ಬಲ್ಬಿಗೂ ಈಗ ಹುಡುಕಾಡಬೇಕು. ಬಲ್ಬ್ ಮಂದವಾಯಿತು. ಸರಿ, ಶಾರ್ಟ್ ಇಲ್ಲ. ನೇರ ಕರೆಂಟ್ ಕೊಟ್ಟರು, ಬಯಾಸ್ ಸರಿ ಮಾಡಿದರು, ನಾನು ಗಿಟಾರ್ ಹಚ್ಚಿದೆ. ಹತ್ತು ನಿಮಿಷ, ಇಪ್ಪತ್ತು, ನಲವತ್ತು, ಒಂದು ಗಂಟೆ. ಏನೂ ಆಗಲಿಲ್ಲ! ಬೆಣ್ಣೆಯಂಥ ದನಿ.

ಸಾಫ್ಟ್‌ವೇರಿನವರಿಗೆ ಈ ಹೊಟ್ಟೆಯುರಿ ಗೊತ್ತು. ಕ್ಲೈಂಟ್ ಹತ್ತಿರ ಕ್ರ್ಯಾಶ್ ಆಗುವುದು ನಮ್ಮ ಲ್ಯಾಪ್‌ಟಾಪಲ್ಲಿ ಆಗುವುದೇ ಇಲ್ಲ. ನಾವು 'ನನ್ನ ಮೆಷೀನಲ್ಲಿ ಸರಿಯಾಗೇ ಇದೆ' ಅಂತ ಟಿಕೆಟ್ ಮುಚ್ಚುತ್ತೇವೆ. ಯಜಮಾನರು ಮುಚ್ಚಲಿಲ್ಲ. ಸುಮ್ಮನೆ ಬೀಡಿ ಹಚ್ಚಿ ಹೊರಗೆ ನಿಂತು ಬಂದರು.

"ಮರದ ಪೆಟ್ಗೆ ಒಳಗಿದ್ದಾಗ ಕೆಡ್ತದೆ. ಹೊರಗೆ ತೆಗದ್ರೆ ಕೆಡಲ್ಲ. ಯಾಕೆ ಹೇಳು?"

ಹೊಳೆಯಲಿಲ್ಲ.

"ಸೆಕೆ."

ಪೆಟ್ಟಿಗೆಯೊಳಗೆ ಆರು ವಾಲ್ವುಗಳ ಬಿಸಿ ತುಂಬಿಕೊಂಡಾಗ ಮಾತ್ರ ರೋಗ ಬರುತ್ತದೆ. ಚಿಕಿತ್ಸೆಗೆ ಬಿಚ್ಚಿ ಮಲಗಿಸಿದರೆ ಗಾಳಿಯಾಡಿ ರೋಗ ಮಾಯ. ಹಾಗಾಗಿ ಒಂದು ರಟ್ಟಿನ ಡಬ್ಬ ಅದರ ಮೇಲೆ ಬೋರಲು ಹಾಕಿ, ಪಕ್ಕದಲ್ಲೇ ಕಣ್ಣಿಟ್ಟು ಕೂತೆವು. ಮೂವತ್ತೈದನೇ ನಿಮಿಷಕ್ಕೆ ಚಟಚಟ. ಇಬ್ಬರೂ ಖುಷಿಯಲ್ಲಿ ಎದ್ದು ನಿಂತೆವು. ಯಂತ್ರ ಕೆಟ್ಟಿದ್ದಕ್ಕೆ ನಾನು ಅಷ್ಟು ಸಂತೋಷಪಟ್ಟಿದ್ದು ಅದೇ ಮೊದಲು. ಡಬ್ಬ ತೆಗೆದು ಮೀಟರ್ ಹಿಡಿಯುವಷ್ಟರಲ್ಲಿ ತಣ್ಣಗಾಗಿ ಸರಿಹೋಗಿತ್ತು.

ಮುಂದಿನ ವಾರ ನಕ್ಷೆಯ ಪಾಡು. ಸರ್ಕ್ಯೂಟ್ ನಕ್ಷೆ ಇಲ್ಲದೆ ಇಂಥದ್ದರೊಳಗೆ ಕೈಹಾಕುವುದೆಂದರೆ ಬೋರ್ಡೇ ಇಲ್ಲದ ಬಸ್ ಹತ್ತಿದ ಹಾಗೆ. ಕಂಪನಿಗೆ ಮೇಲ್ ಬರೆದರೆ ಅಧಿಕೃತ ಸರ್ವಿಸ್ ಸೆಂಟರಿಗೆ ಮಾತ್ರ ಕೊಡುತ್ತೇವೆ ಅಂತ ಉತ್ತರ. ಹೇಗೋ ಒಂದು ಪಿಡಿಎಫ್ ಸಿಕ್ಕಿತು, ಎ3 ಹಾಳೆಯಲ್ಲಿ ಜೆರಾಕ್ಸ್ ಮಾಡಿಸಿ ಒಯ್ದೆ. ಯಜಮಾನರು ಕನ್ನಡಕ ಏರಿಸಿ ಬೆರಳಿಟ್ಟು ಓದುತ್ತಾ ಹೋದರು. ಮುಕ್ಕಾಲು ಗಂಟೆಯ ನಂತರ, "ಇದು ಇದರದ್ದಲ್ಲ ಕಣಪ್ಪಾ. ಇದರಣ್ಣಂದು" ಅಂದರು. ಹಿಂದಿನ ಮಾಡೆಲ್ಲಿನ ನಕ್ಷೆ. ಮುಕ್ಕಾಲು ಪಾಲು ಹೊಂದುತ್ತಿತ್ತು. ಉಳಿದ ಕಾಲು ಪಾಲಿನಲ್ಲೇ ನಮ್ಮ ರೋಗ ಇರಬಹುದಲ್ಲ!

ಹಳೇ ಆಂಪ್‌ಗಳು ಹೀಗಿರಲಿಲ್ಲ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಸಂಗೀತ ವಾದ್ಯಗಳ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ಜೆಟಿಎಂ45 ಆಂಪ್ ತಂದಾಗ, ಅವರ ಹುಡುಗರು ಮಾದರಿಯಾಗಿ ಇಟ್ಟುಕೊಂಡಿದ್ದು ಅಮೆರಿಕದ ಫೆಂಡರ್ ಬಾಸ್‌ಮನ್ ಸರ್ಕ್ಯೂಟನ್ನು. ಬಿಡಿಭಾಗಗಳನ್ನು ಒಂದು ಹಲಗೆಯ ಮೇಲೆ ಸಾಲಾಗಿ ಕೂರಿಸಿ ಕೈಯಲ್ಲೇ ವೈರ್ ಎಳೆದ ಯಂತ್ರ. ಮುಚ್ಚಳ ತೆಗೆದರೆ ಇಡೀ ಸರ್ಕ್ಯೂಟ್ ಕಣ್ಣಿಗೆ ಕಾಣುತ್ತದೆ, ಕೆಟ್ಟ ರೆಸಿಸ್ಟರ್ ಕಿತ್ತು ಇನ್ನೊಂದು ಹಾಕಿದರೆ ಮುಗಿಯಿತು. ಯಜಮಾನರು ಮಾಡುತ್ತಿದ್ದ ಮೈಕ್ ಸೆಟ್ಟೂ ಅದೇ ಜಾತಿ. ಆಮೇಲೆ ಗಿಟಾರಿನವರಿಗೆ, ಅಂದರೆ ನಮಗೆ, ಆಸೆ ಹೆಚ್ಚಾಯಿತು. ಒಂದೇ ಪೆಟ್ಟಿಗೆಯಲ್ಲಿ ಮೆತ್ತನೆ ದನಿಯೂ ಬೇಕು, ಅಬ್ಬರವೂ ಬೇಕು, ಕಾಲಲ್ಲಿ ಒತ್ತಿದರೆ ಬದಲಾಗಬೇಕು, ರಿವರ್ಬ್ ಬೇಕು, ಎಫೆಕ್ಟ್ಸ್ ಲೂಪ್ ಬೇಕು. ಒಂದೊಂದು ಆಸೆಗೂ ಒಂದೊಂದು ರಿಲೇ. ಖರ್ಚು ಇಳಿಸಲು ಎಲ್ಲವನ್ನೂ ಪ್ರಿಂಟೆಡ್ ಬೋರ್ಡಿನ ಮೇಲೆ ತಂದರು, ವಾಲ್ವ್ ಕೂರುವ ಸಾಕೆಟ್ಟನ್ನೂ ಬೋರ್ಡಿಗೇ ಬೆಸೆದರು. ಕೆಲಸ ಮುಗಿದ ಮೇಲೆ ವಾಲ್ವ್ ತಣ್ಣಗಾಗುತ್ತದೆ, ಮರುದಿನ ಮತ್ತೆ ಕಾಯುತ್ತದೆ. ಬೆಸುಗೆ ಹಿಗ್ಗುತ್ತದೆ, ಕುಗ್ಗುತ್ತದೆ. ವರ್ಷಗಟ್ಟಲೆ ಹೀಗಾದರೆ ಕಣ್ಣಿಗೆ ಕಾಣದ ಬಿರುಕು. ನಮ್ಮ ಟಿವಿ ಮೆಕ್ಯಾನಿಕ್ಕುಗಳ ಭಾಷೆಯಲ್ಲಿ 'ಡ್ರೈ ಸೋಲ್ಡರ್'.

ಬೋರ್ಡಿನ ಕೆಳಮೈ ನೋಡಬೇಕಾದರೆ ಹದಿಮೂರು ಗುಂಡಿ ಕೀಳಬೇಕು, ಅದರಡಿಯ ನಟ್ ಬಿಚ್ಚಬೇಕು, ಟ್ರಾನ್ಸ್‌ಫಾರ್ಮರಿನಿಂದ ಬಂದ ವೈರುಗಳಿಗೆ ಚೀಟಿ ಕಟ್ಟಿ ಬಿಡಿಸಬೇಕು. ಅಷ್ಟಾದ ಮೇಲೆ ಬೋರ್ಡ್ ಎತ್ತಬಹುದು. ಆದರೆ ಎತ್ತಿದರೆ ಯಂತ್ರ ಓಡುವುದಿಲ್ಲ. ಓಡದಿದ್ದರೆ ರೋಗ ಕಾಣುವುದಿಲ್ಲ. ಅಂದರೆ ಅನುಮಾನ ಬಂದ ಕಡೆ ಬೆಸುಗೆ ಹಾಕು, ಎಲ್ಲ ಮತ್ತೆ ಜೋಡಿಸು, ಡಬ್ಬ ಮುಚ್ಚು, ಮೂವತ್ತೈದು ನಿಮಿಷ ಕಾಯಿ. ಕೆಟ್ಟರೆ ಮತ್ತೆ ಮೊದಲಿಂದ. ಒಂದು ಊಹೆಗೆ ಎರಡು ಗಂಟೆ! ಒಂದು ಭಾನುವಾರವಂತೂ ಡಬ್ಬ ಮುಚ್ಚಿ ಮೂವತ್ತನೇ ನಿಮಿಷಕ್ಕೆ ಕರೆಂಟ್ ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಸುಮ್ಮನಾದವು. ಯಜಮಾನರು ಮೊದಲು ಮಾಡಿದ ಕೆಲಸ ಸ್ವಿಚ್ ಆರಿಸಿದ್ದು. ಕರೆಂಟ್ ವಾಪಸ್ ಬರುವಾಗ ಯಾವ ವೋಲ್ಟೇಜಲ್ಲಿ ಬರುತ್ತದೋ ಯಾರಿಗೆ ಗೊತ್ತು. 230 ಇರಬೇಕಾದದ್ದು 250 ಆದರೆ ವಾಲ್ವಿನ 6.3 ವೋಲ್ಟಿನ ಹೀಟರಿಗೆ 6.8ರ ಮೇಲೆ ಹೋಗುತ್ತದೆ. ಆವತ್ತು ಸಂಜೆವರೆಗೂ ಕರೆಂಟ್ ಬರಲಿಲ್ಲ. ಟೀ ಕುಡಿದು ವಾಪಸ್.

ಇದರ ಮೇಲೆ ಜೀವಭಯ. ಇಂಥ ಆಂಪ್ ಒಳಗೆ 400 ವೋಲ್ಟಿಗಿಂತ ಹೆಚ್ಚು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರುಗಳಲ್ಲಿ ಅದು ಉಳಿದಿರಬಹುದು. ಯಜಮಾನರು ಪ್ರತಿ ಸಲ ಪ್ಲಗ್ ಕಿತ್ತು, ರೆಸಿಸ್ಟರ್ ಕಟ್ಟಿದ ವೈರಿನಿಂದ ಆ ಚಾರ್ಜ್ ಇಳಿಸಿ, ಮೀಟರಲ್ಲಿ ಸೊನ್ನೆ ನೋಡಿದ ಮೇಲೇ ಕೈ ಇಡುತ್ತಿದ್ದರು. ಕರೆಂಟ್ ಇರುವಾಗ ಅಳೆಯಬೇಕಾದರೆ ಎಡಗೈ ಬೆನ್ನ ಹಿಂದೆ. ಎರಡೂ ಕೈ ತಾಗಿದರೆ ಕರೆಂಟ್ ಎದೆಯ ಮೂಲಕ ಹಾಯುತ್ತದೆ. ನಾನು ಒಮ್ಮೆ ಉತ್ಸಾಹದಲ್ಲಿ ಬೆರಳು ತೋರಿಸಿ "ಇದೇನಾ" ಅಂದಾಗ ಕೈಮೇಲೆ ಪಟ್ ಅಂತ ಹೊಡೆದರು. ನನ್ನ ಮೂವತ್ತೆರಡನೇ ವಯಸ್ಸಿನಲ್ಲಿ ಏಟು ತಿಂದಿದ್ದೇನೆ, ಬೇಜಾರಿಲ್ಲ. ಓದುವವರಲ್ಲಿ ಯಾರ ಹತ್ತಿರವಾದರೂ ವಾಲ್ವ್ ಆಂಪ್ ಇದ್ದರೆ ದಯವಿಟ್ಟು ಯೂಟ್ಯೂಬ್ ನೋಡಿ ಒಳಗೆ ಕೈಹಾಕಬೇಡಿ. ಸ್ಪೀಕರ್ ಜೋಡಿಸದೆ ಆನ್ ಮಾಡಿ ಬಾರಿಸಲೂಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ವಾಲ್ವಿನಂತೆ ಅದು ಡಬ್ಬದಲ್ಲಿ ಸಿಗುವ ವಸ್ತುವಲ್ಲ.

ಒಂದು ಫೋನ್ ಕಾಲ್

ಐದನೇ ಭಾನುವಾರ ರಿಲೇ ಸಿಕ್ಕಿತು. ಚಾನೆಲ್ ಬದಲಿಸುವ ಪುಟ್ಟ ರಿಲೇ, ಒಳಗಿನ ಸಂಪರ್ಕ ಕಪ್ಪಾಗಿತ್ತು. ಬೆರಳಿಂದ ತಟ್ಟಿದರೆ ದನಿ ಏರಿಳಿಯುತ್ತಿತ್ತು. ಎಸ್.ಪಿ. ರೋಡಿನಿಂದ ನಾನೇ ತಂದ 80 ರೂಪಾಯಿಯ ರಿಲೇ ಹಾಕಿದರು. ಡಬ್ಬ ಮುಚ್ಚಿ ಒಂದು ಗಂಟೆ ಬಾರಿಸಿದೆ. ಕೆಡಲಿಲ್ಲ. ಸಂಭ್ರಮದಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ಗೋಬಿ ತಿಂದೆವು. ಪೆಟ್ಟಿಗೆ ಮನೆಗೆ ಬಂತು. ಮಂಗಳವಾರ ರಾತ್ರಿ ಪ್ರಾಕ್ಟೀಸಿನಲ್ಲಿ, ನಲವತ್ತನೇ ನಿಮಿಷಕ್ಕೆ, ಅದೇ ಸಾಸಿವೆ.

ಆ ರಾತ್ರಿಯೇ ಫೋನ್ ಮಾಡಿದೆ. ಶನಿವಾರ ಕಾರ್ಯಕ್ರಮ ಒಪ್ಪಿಕೊಂಡಿದ್ದೆ, ತಲೆ ಕೆಟ್ಟಿತ್ತು. "ಯಜಮಾನ್ರೇ, ನೀವು ಸರಿಯಾಗಿ ಮಾಡೇ ಇಲ್ಲ. ಮೊದಲು ಇದ್ದಿದ್ದಕ್ಕಿಂತ ಹೆಚ್ಚಾಗಿದೆ" ಅಂದುಬಿಟ್ಟೆ. ಹೆಚ್ಚೇನೂ ಆಗಿರಲಿಲ್ಲ, ಸಿಟ್ಟಿಗೆ ಸೇರಿಸಿದ್ದು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಮಗ್ಗದ ಸದ್ದು.

"ತಂದಾಕು" ಅಂದರು. ಇಟ್ಟರು.

ಆರನೇ ಭಾನುವಾರ ನಮ್ಮಿಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ನಾನು ಕ್ಷಮೆ ಕೇಳುವ ಬದಲು ಎರಡು ಬನ್ ಮತ್ತು ಬಾಳೆಹಣ್ಣು ಒಯ್ದಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವರೇ ಬಾಯಿಬಿಟ್ಟರು. ಎಸ್.ಪಿ. ರೋಡಿನವನು ಯಾಕೆ ಬೇಡ ಅಂದ ಗೊತ್ತಾ ಅಂತ ಕೇಳಿದರು. ಅವನಿಗೆ ಬರಲ್ಲ ಅಂತ ನಾನಂದೆ.

"ಬತ್ತದೆ. ಅಂಥವ್ರಿಗೆ ಎಲ್ಲಾ ಬತ್ತದೆ. ನೋಡಪ್ಪಾ, ಮಿಕ್ಸಿ ತತ್ತಾರೆ, ಬ್ರಷ್ ಹಾಕಿ ಕೊಟ್ರೆ ಮುಗೀತು. ಇಂಥದ್ರಲ್ಲಿ ಇನ್ನೂರು ಪಾರ್ಟ್ ಐತೆ. ನಾನು ಒಂದು ಮುಟ್ಟಿ ಸರಿ ಮಾಡ್ತೀನಿ. ನಾಳೆ ಇನ್ನೊಂದು ಹೋಯ್ತದೆ. ಆಗ ಫೋನ್ ಬರೋದು ಯಾರಿಗೆ? ಕಂಪ್ನಿಗಲ್ಲ. ಕೊನೇಲಿ ಮುಟ್ದೋನ್ಗೆ."

ನಾನು ಬಾಳೆಹಣ್ಣಿನ ಸಿಪ್ಪೆ ನೋಡುತ್ತಾ ಕೂತೆ. ನಮ್ಮ ಆಫೀಸಿನಲ್ಲೂ ಒಂದು ಹಳೇ ಕೋಡ್ ಇದೆ, ಹತ್ತು ವರ್ಷದಿಂದ ಯಾರೂ ತಿದ್ದುವುದಿಲ್ಲ. ತಿದ್ದಿದವನ ಹೆಸರಿಗೆ ಅದರ ಪಾಪವೆಲ್ಲ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಅಲ್ಲಿ ನಾನೂ ಅದನ್ನೇ ಮಾಡಿದ್ದೇನೆ, ಬೇಡ ಸಾರ್ ಅಂದಿದ್ದೇನೆ.

ಏಳನೇ ಭಾನುವಾರ ಅವರು ಎರಡು ಹೊಸ ಆಯುಧ ಇಟ್ಟುಕೊಂಡು ಕಾಯುತ್ತಿದ್ದರು. ಒಂದು, ಮಗಳ ಹೇರ್ ಡ್ರೈಯರ್. ಇನ್ನೊಂದು, ಯಾರೋ ನೂಡಲ್ಸ್ ಪಾರ್ಸೆಲ್ ತಂದಾಗ ಬಂದಿದ್ದ ಮರದ ಕಡ್ಡಿ. ಇಡೀ ಪೆಟ್ಟಿಗೆ ಕಾಯಿಸುವ ಬದಲು ಬೋರ್ಡಿನ ಒಂದೊಂದು ಮೂಲೆಗೆ ಮಾತ್ರ ಬಿಸಿಗಾಳಿ ಬಿಟ್ಟು, ಒಣಕಡ್ಡಿಯಿಂದ ಮೆಲ್ಲಗೆ ತಟ್ಟುವುದು. ನಾನು ಒಂದೇ ಸ್ವರ ಮತ್ತೆ ಮತ್ತೆ ಮೀಟುತ್ತಾ ಕೂರಬೇಕು. ಎಡಮೂಲೆ, ಏನಿಲ್ಲ. ನಡುವೆ, ಏನಿಲ್ಲ. ಪವರ್ ವಾಲ್ವಿಗೆ ಸಿಗ್ನಲ್ಲನ್ನು ಎರಡಾಗಿ ಸೀಳಿಕೊಡುವ ಇಸಿಸಿ83 ವಾಲ್ವ್ ಒಂದಿರುತ್ತದೆ, ಅದರ ಸಾಕೆಟ್ಟಿನ ಹತ್ತಿರ ಕಡ್ಡಿ ಬಂದಾಗ ದನಿ ಪಕ್ಕದ ಬೀದಿಗೆ ಹಾರಿತು. ಇನ್ನೊಮ್ಮೆ ತಟ್ಟಿದರು, ವಾಪಸ್ ಬಂತು. ಮತ್ತೆ ತಟ್ಟಿದರು, ಹೋಯಿತು.

"ಸಿಕ್ದ ನನ್ಮಗ" ಅಂದರು ಯಜಮಾನರು, ಬಹಳ ಪ್ರೀತಿಯಿಂದ.

ಬೋರ್ಡ್ ತಿರುಗಿಸಿ ಭೂತಗನ್ನಡಿ ಹಿಡಿದು ತೋರಿಸಿದರು. ಸಾಕೆಟ್ಟಿನ ಒಂದು ಕಾಲಿನ ಸುತ್ತ, ಬೆಸುಗೆಯಲ್ಲಿ, ಕೂದಲಿನಷ್ಟು ಸಣ್ಣ ಉಂಗುರದ ಬಿರುಕು. ಅಂದರೆ ರಿಲೇಯೂ ನಿಜ, ಇದೂ ನಿಜ. ಎರಡು ರೋಗಕ್ಕೆ ಒಂದೇ ಲಕ್ಷಣ. ಹಳೇ ಬೆಸುಗೆ ಹೀರಿ ತೆಗೆದು ಹೊಸದು ಹಾಕಿದರು, ಪಕ್ಕದ ಸಾಕೆಟ್ಟುಗಳಿಗೂ ಹಾಕಿದರು. ಸಾಕೆಟ್ಟಲ್ಲಿದ್ದ ಹೊಸ ವಾಲ್ವ್ ತಟ್ಟಿದಾಗೆಲ್ಲ ಗಂಟೆಯಂತೆ ಟಿಂಗ್ ಅನ್ನುತ್ತಿತ್ತು, ಅದನ್ನು ಕಿತ್ತು ಬಿಸ್ಕತ್ ಡಬ್ಬದಿಂದ ಬಿಇಎಲ್‌ನ ಒಂದು ಇಸಿಸಿ83 ತೆಗೆದು ಹಾಕಿದರು. ನನಗಿಂತ ಹಿರಿಯ ವಾಲ್ವ್. ಮೊದಲ ಸಲ ಉರಿಯುವ ಹಾಗೆ ಉರಿಯಿತು.

ಬೆಸುಗೆಯೇ ಆಗಿತ್ತಲ್ಲ, ನೀನು ಮೊದಲ ದಿನ ಹೇಳಿದ್ದು ಸರಿ ಅಂತ ಅವರೇ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಎಷ್ಟು ಕೊಡಲಿ ಅಂದೆ. "ಎರಡು ಸಾವಿರ ಕೊಡು" ಅಂದರು. ಏಳು ಭಾನುವಾರ, ದಿನಕ್ಕೆ ನಾಲ್ಕು ಗಂಟೆ ಅಂದರೂ 28 ಗಂಟೆ. ಗಂಟೆಗೆ 71 ರೂಪಾಯಿ. ನಮ್ಮ ಏರ್‌ಪೋರ್ಟ್ ರಸ್ತೆಯ ಕೆಫೆಯಲ್ಲಿ ಅಷ್ಟಕ್ಕೆ ಕಾಫಿ ಬರುವುದಿಲ್ಲ. ನಾನು ಏಳು ಸಾವಿರ ಕೊಟ್ಟೆ. ಅವರು ಎಣಿಸಿ, ನಾಲ್ಕು ಇಟ್ಟುಕೊಂಡು ಮೂರು ವಾಪಸ್ ಕೊಟ್ಟರು. ನಾನು ಒತ್ತಾಯ ಮಾಡಿದೆ.

"ಬ್ಯಾಡ. ಏಳು ಸಾವಿರ ಇಸ್ಕೊಂಡ್ರೆ ಮುಂದಿನ ವರ್ಷ ಕೆಟ್ಟಾಗ ನೀನು ಏಳು ಸಾವಿರದ ದನೀಲಿ ಫೋನ್ ಮಾಡ್ತೀಯ. ನಾಲ್ಕು ಸಾವಿರದ್ದು ನಾನು ತಡ್ಕಬಲ್ಲೆ."

ಆಗ ಕೇಳಿದೆ ಕ್ಷಮೆ. ಅವರು ಕೇಳಿಸದವರ ಹಾಗೆ ಸ್ಕ್ರೂ ಹುಡುಕುತ್ತಿದ್ದರು.

ನನ್ನ ಬ್ಯಾಂಡಿನ ಗೆಳೆಯನೊಬ್ಬನ ಹತ್ತಿರವೂ ಇಂಥದ್ದೇ ಒಂದು ಆಂಪ್ ಕೆಟ್ಟು ಕೂತಿದೆ. ತರಲಾ ಅಂತ ಕೇಳಿದ್ದಕ್ಕೆ ಯಜಮಾನರು ಖಂಡಿತ ಬೇಡ ಅಂದರು. ಕಣ್ಣು ಸಾಲದು, ಕೂತರೆ ಸೊಂಟ ಹಿಡಿಯುತ್ತದೆ, ಇಂಥದ್ದು ಇದೇ ಕೊನೆ. ಅವರ ಹತ್ತಿರ ಕಲಿಯುವ ಹುಡುಗರು ಯಾರೂ ಇಲ್ಲ. ಒಬ್ಬ ಇದ್ದ, ಈಗ ಬಾಶೆಟ್ಟಿಹಳ್ಳಿ ಕಡೆ ಫ್ಯಾಕ್ಟರಿಗೆ ಹೋಗುತ್ತಾನೆ. ತಿಂಗಳು ಮುಗಿದರೆ ಸಂಬಳ, ಪಿಎಫ್. ಅವನನ್ನು ತಪ್ಪು ಅನ್ನೋಕಾಗುತ್ತಾ?

ಪೆಟ್ಟಿಗೆ ಮುಚ್ಚುವ ಮುಂಚೆ ಯಜಮಾನರು ಆ ಎ3 ಜೆರಾಕ್ಸಿನ ಹಿಂಬದಿಯಲ್ಲಿ ನನ್ನ ಕೈಲಿ ಬರೆಸಿದರು. ಯಾವ ರಿಲೇ ಬದಲಾಗಿದೆ, ಯಾವ ಸಾಕೆಟ್ಟಿಗೆ ಬೆಸುಗೆ ಬಿದ್ದಿದೆ, ಬಯಾಸ್ ಎಷ್ಟಕ್ಕೆ ಕೂರಿಸಿದೆ, ನಕ್ಷೆಯಲ್ಲಿ ಎಲ್ಲೆಲ್ಲಿ ವ್ಯತ್ಯಾಸ ಇದೆ, ದಿನಾಂಕ ಎಲ್ಲವನ್ನೂ. ಮಡಿಸಿ ಕವರಿನಲ್ಲಿ ಹಾಕಿ, ಬಿಸಿ ತಾಗದ ಕಡೆ, ಮರದ ಒಳಗೋಡೆಗೆ ಅಂಟಿಸಿದರು. ಮುಂದೆ ಬಿಚ್ಚುವವನಿಗೆ ಹುಚ್ಚು ಹಿಡಿಯಬಾರದಲ್ಲ ಅಂದರು.

ಅದಾಗಿ ಎಂಟು ತಿಂಗಳಾಯಿತು. ಹದಿನಾಲ್ಕು ಕಾರ್ಯಕ್ರಮ ಮುಗಿದಿವೆ, ಒಮ್ಮೆಯೂ ಗುದ್ದಿಲ್ಲ. ರಿವರ್ಬ್ ಮಾತ್ರ ಈಚೆಗೆ ಕೆಲಸ ಮಾಡುತ್ತಿಲ್ಲ. ಯಜಮಾನರಿಗೆ ಇನ್ನೂ ಹೇಳಿಲ್ಲ.